ಗುಂಡಿಗೆಯ ಬಡಿತಕ್ಕೂ ಸುಣ್ಣದಂಶಕ್ಕೂ ಏನು ಸಂಬಂಧ?

ಹೊಸೂರು, ತಳಿ, ಡೆಂಕಣಿಕೋಟೆ ಕಡೆ ಹಸು ಸಾಕದ ಊರಿಲ್ಲ. ಮತ್ತಿಗಿರಿಯಲ್ಲಿ 1824ರಲ್ಲಿ ಶುರುವಾದ ಜಾನುವಾರು ಫಾರಂ ನಿಮಗೆ ಗೊತ್ತೇ ಇದೆ. ಹಸುವಿನ ಮೇವು, ಹಾಲು ಎಲ್ಲಾ ನೋಡ್ತೀರಿ. ಅದರ ಗುಂಡಿಗೆ ಬಡಿತ ಗಮನಿಸಿದ್ದೀರಾ?

ದೊಡ್ಡ ಹಸುವಿನ ಗುಂಡಿಗೆ ನಿಮಿಷಕ್ಕೆ ಸುಮಾರು 60ರಿಂದ 80 ಸಲ ಬಡಿಯುತ್ತದೆ. ಪ್ರತಿ ಬಡಿತಕ್ಕೂ ಕ್ಯಾಲ್ಸಿಯಂ, ಅಂದರೆ ಸುಣ್ಣದಂಶ ಬೇಕು. ಗುಂಡಿಗೆಯ ಜೀವಕೋಶಗಳಿಗೆ ಸಣ್ಣ ಸಣ್ಣ ಬಾಗಿಲುಗಳಿವೆ. ಸುಣ್ಣದಂಶ ಆ ಬಾಗಿಲಿಂದ ಒಳಗೆ ಹೋದರೆ ಗುಂಡಿಗೆ ಹಿಂಡಿಕೊಳ್ಳುತ್ತದೆ.

ಕೆಲವು ದೊಡ್ಡ ಜಾತಿ ನಾಯಿಗಳಲ್ಲಿ ಈ ಬಡಿತ ತಾಳ ತಪ್ಪಿ ಓಡುತ್ತದೆ. ಗುಂಡಿಗೆಗೆ ರಕ್ತ ತುಂಬಿಕೊಳ್ಳಲು ಪುರುಸೊತ್ತೇ ಸಿಗಲ್ಲ. ನಾಯಿ ಸುಸ್ತಾಗುತ್ತೆ, ಕೆಲವು ಸಲ ಕುಸಿದು ಬೀಳುತ್ತೆ. ಆಗ ಡಾಕ್ಟರು ಇ.ಸಿ.ಜಿ. ನೋಡಿ, ತೂಕಕ್ಕೆ ತಕ್ಕಷ್ಟು ಡಿಲ್ಟಿಯಾಜೆಮ್ ಮಾತ್ರೆ ಕೊಡುವುದುಂಟು. ಈ ಮಾತ್ರೆ ಬಾಗಿಲನ್ನು ಸ್ವಲ್ಪ ಮುಚ್ಚುತ್ತದೆ. ಬಡಿತ ನಿಧಾನಕ್ಕೆ ಬರುತ್ತದೆ.

ಹಸುವಿನ ವಿಷಯ ಬೇರೆ. ಹೊಟ್ಟೆ ಕೆಟ್ಟಾಗ ಹಸುವಿನ ಬಡಿತವೂ ತಾಳ ತಪ್ಪಬಹುದು. ಹೊಟ್ಟೆ ಸರಿಹೋದರೆ ಬಡಿತ ಎಷ್ಟೋ ಸಲ ತಾನಾಗೇ ಸರಿಹೋಗುತ್ತದೆ.

ಹಸುವಿಗೆ ಹೆಚ್ಚಾಗಿ ಬರುವ ತೊಂದರೆ ಸುಣ್ಣದಂಶದ ಕೊರತೆ. ಕರು ಹಾಕಿದ ಮೂರು ದಿನದೊಳಗೆ ಹಸು ಮಲಗಿಬಿಡುತ್ತೆ, ಕಿವಿ ತಣ್ಣಗಾಗುತ್ತೆ, ಕತ್ತು ಪಕ್ಕಕ್ಕೆ ತಿರುಗುತ್ತೆ. ಇದಕ್ಕೆ ಹಾಲು ಜ್ವರ ಅಂತಾರೆ. ಹೆಸರು ಜ್ವರ, ಆದರೆ ಮೈ ತಣ್ಣಗಿರುತ್ತೆ. ಡಾಕ್ಟರು ರಕ್ತನಾಳಕ್ಕೆ ಕ್ಯಾಲ್ಸಿಯಂ ಬಾಟಲಿ ಹಾಕುತ್ತಾರೆ. ಗುಂಡಿಗೆ ಬಡಿತ ಕೇಳುತ್ತಾ, ನಿಧಾನವಾಗಿ ಹಾಕುತ್ತಾರೆ. ಯಾಕೆ? ಒಂದೇ ಸಲ ಸುಣ್ಣದಂಶ ನುಗ್ಗಿದರೆ ಗುಂಡಿಗೆ ನಿಂತೇಹೋಗಬಹುದು. ಅದಕ್ಕೇ "ಬೇಗ ಹಾಕಿ ಸಾರ್" ಅಂತ ಅವಸರ ಮಾಡಬೇಡಿ. ಬಾಟಲಿ ತಂದು ನೀವೇ ಹಾಕಲೂ ಹೋಗಬೇಡಿ.

ಇನ್ನೊಂದು ಮಾತು. ಮನೆಯಲ್ಲಿ ಅಜ್ಜ ಅಜ್ಜಿ ನುಂಗುವ ಬಿ.ಪಿ. ಮಾತ್ರೆ ಆಮ್ಲೋಡಿಪಿನ್ ಕೂಡ ಬಾಗಿಲು ಮುಚ್ಚುವ ಜಾತಿಯದೇ. ನಾಯಿ ಅದನ್ನು ತಿಂದರೆ ರಕ್ತದ ಒತ್ತಡ ಕುಸಿದು ಸಾಯಬಹುದು. ಮಾತ್ರೆಯ ಪಟ್ಟಿ ಜೊತೆಗೆ ತಗೊಂಡು ಕೂಡಲೇ ದನದ ಆಸ್ಪತ್ರೆಗೆ ಓಡಿ. ಈ ವಿಷಕ್ಕೆ ಕೊಡುವ ಔಷಧಗಳಲ್ಲಿ ಒಂದು ಯಾವುದು ಗೊತ್ತೇ? ಅದೇ ಕ್ಯಾಲ್ಸಿಯಂ!

ನೆನಪಿಡಿ:
ಮನುಷ್ಯರ ಮಾತ್ರೆಯನ್ನು ಪ್ರಾಣಿಗೆ ನೀವಾಗಿ ಕೊಡಬೇಡಿ.
ಮಾತ್ರೆಗಳನ್ನು ನಾಯಿಗೆ, ಮಕ್ಕಳಿಗೆ ಎಟುಕದ ಕಡೆ ಇಡಿ.
ಹಸು ಮಲಗಿಬಿಟ್ಟರೆ 1962ಕ್ಕೆ ಫೋನ್ ಮಾಡಿ.

ಓದಿ, ಉತ್ತರ ಹೇಳಿ:
1. ಹಾಲು ಜ್ವರದಲ್ಲಿ ಹಸುವಿನ ಕಿವಿ ಹೇಗಿರುತ್ತದೆ?
2. ಕ್ಯಾಲ್ಸಿಯಂ ಬಾಟಲಿಯನ್ನು ನಿಧಾನವಾಗಿ ಏಕೆ ಹಾಕಬೇಕು?