ಗುದ್ದಾಟದ ಆಟಕ್ಕೆ ಮರುಜೀವ

1991ರಲ್ಲಿ ಜಪಾನಿನ ಕ್ಯಾಪ್‌ಕಾಮ್ ಕಂಪನಿಯ ‘ಸ್ಟ್ರೀಟ್ ಫೈಟರ್ 2’ ಬಂದಾಗ ಅಮೆರಿಕದ ವಿಡಿಯೋ ಗೇಮ್ ಅಂಗಡಿಗಳಲ್ಲಿ ನೂಕುನುಗ್ಗಲು. ಎದುರಾಳಿ ಪಕ್ಕದಲ್ಲೇ, ಭುಜಕ್ಕೆ ಭುಜ ತಾಗಿಸಿ ನಿಂತಿರುತ್ತಿದ್ದ. ಮುಂದೆ ಆ ಅಂಗಡಿಗಳು ಮುಚ್ಚಿದವು. ಗುದ್ದಾಟದ ಆಟಗಳೂ ಸೊರಗಿದವು. ಮನೆಯಲ್ಲೇ ಇಂಟರ್‌ನೆಟ್ ಮೂಲಕ ಆಡೋಣವೆಂದರೆ ಗುಂಡಿ ಒತ್ತಿದ ಮೇಲೆ ಗುದ್ದು ನಿಧಾನವಾಗಿ ಬೀಳುತ್ತಿತ್ತು. ಸೆಕೆಂಡಿಗೆ 60 ಚಿತ್ರಗಳು ಓಡುವ ಆಟದಲ್ಲಿ ನಾಲ್ಕಾರು ಚಿತ್ರಗಳಷ್ಟು ತಡವಾದರೂ ಲೆಕ್ಕಾಚಾರವೆಲ್ಲ ತಲೆಕೆಳಗು.

ಇದಕ್ಕೆ ಸಿಕ್ಕ ಮದ್ದು ‘ರೋಲ್‌ಬ್ಯಾಕ್’. ಎದುರಾಳಿಯ ಮುಂದಿನ ನಡೆಯನ್ನು ಯಂತ್ರವೇ ಊಹಿಸಿ ಆಟ ಮುಂದುವರಿಸುತ್ತದೆ; ಊಹೆ ತಪ್ಪಿದರೆ ಕ್ಷಣಾರ್ಧದಲ್ಲಿ ಹಿಂದೆ ಸರಿದು ತಿದ್ದಿಕೊಳ್ಳುತ್ತದೆ. ಅಮೆರಿಕದ ಟೋನಿ ಕ್ಯಾನನ್ ಇದನ್ನು 2000ರ ದಶಕದಲ್ಲೇ ಬಳಕೆಗೆ ತಂದಿದ್ದರು. ದೊಡ್ಡ ಕಂಪನಿಗಳು, ಅದೇಕೋ, ಮೀನಮೇಷ ಎಣಿಸಿದವು. 2020ರಲ್ಲಿ ಕೋವಿಡ್ ಪಂದ್ಯಾವಳಿಗಳನ್ನು ನಿಲ್ಲಿಸಿದಾಗ ಹಲವರ ಕಣ್ಣು ತೆರೆಯಿತು. 2023ರಲ್ಲಿ ಲಾಸ್ ವೇಗಾಸ್‌ನ ಇವೊ ಪಂದ್ಯಾವಳಿಯಲ್ಲಿ ‘ಸ್ಟ್ರೀಟ್ ಫೈಟರ್ 6’ ಒಂದಕ್ಕೇ ಹೆಸರು ಕೊಟ್ಟವರು 7 ಸಾವಿರಕ್ಕೂ ಹೆಚ್ಚು.