ಹೊಟ್ಟೆಯಿಂದ ಮೆದುಳಿಗೆ ಹೋಗುವ ದಾರಿ

90 ಕಿಲೋ ತೂಕದ ಗಂಡಸಿಗೆ ಎಡಗೈ, ಎಡಗಾಲು ಸ್ವಾಧೀನ ತಪ್ಪಿದರೆ ಅವರನ್ನು ಮಂಚದಿಂದ ಎಬ್ಬಿಸಿ ಕುರ್ಚಿಯಲ್ಲಿ ಕೂರಿಸುವವರು ಯಾರು? ನಾನು ಹೋಗುವ ಮನೆಗಳಲ್ಲಿ ಬಹುಪಾಲು ಅವರ ಹೆಂಡತಿ. ಆಕೆ 50 ಕಿಲೋ ಇದ್ದರೆ ಹೆಚ್ಚು. ಬೇರೆ ದಾರಿ ಕಾಣದೆ ಸ್ವಾಧೀನವಿಲ್ಲದ ಕೈಯನ್ನೇ ಹಿಡಿದು ಎಳೆಯುತ್ತಾರೆ. ಸ್ನಾಯುವಿನ ಬಿಗಿ ಕಳೆದುಕೊಂಡ ಭುಜದ ಕೀಲು ಜಾರುತ್ತದೆ. ಲಕ್ವಾ ಹೊಡೆದಾಗ ಇಲ್ಲದ ನೋವು ಆಮೇಲೆ ಭುಜಕ್ಕೆ ಬಂದು ತಿಂಗಳುಗಟ್ಟಲೆ ಕಾಡುತ್ತದೆ.

ನಾನು ದಾವಣಗೆರೆಯಲ್ಲಿ ಮನೆಮನೆಗೆ ಹೋಗಿ ವ್ಯಾಯಾಮ ಮಾಡಿಸುವ ಫಿಸಿಯೋಥೆರಪಿಸ್ಟ್. ಮಂಡಿಪೇಟೆ ಕಡೆಯ ಅಜ್ಜಿಯರಿಗೆ ‘ಕೈಕಾಲು ಆಡ್ಸೋ ಮೇಡಮ್ಮು’. ಮೊದಲ ದಿನ ರೋಗಿಗಿಂತ ಹೆಚ್ಚು ಹೊತ್ತು ಮನೆಯವರಿಗೇ ಪಾಠ: ಕೈ ಎಳೆಯಬೇಡಿ, ಸೊಂಟದ ಸುತ್ತ ದಪ್ಪ ಟವೆಲ್ ಹಾಕಿ ಹಿಡಿಯಿರಿ, ನಿಮ್ಮ ಮಂಡಿಯನ್ನು ಅವರ ಮಂಡಿಗೆ ಆನಿಸಿ ನಿಲ್ಲಿ. ಅದಾದ ಮೇಲೆ ಎರಡು ಪ್ರಶ್ನೆ ಕೇಳುತ್ತೇನೆ. ಮೊದಲೇ ಬಿಪಿ ಇತ್ತಾ? ಆಸ್ಪತ್ರೆಗೆ ಎಷ್ಟು ಹೊತ್ತಿಗೆ ಕರ್ಕೊಂಡು ಹೋದ್ರಿ? ಮನೆ ಬದಲಾದರೂ ಉತ್ತರ ಅಷ್ಟಾಗಿ ಬದಲಾಗುವುದಿಲ್ಲ. “ಸ್ವಲ್ಪ ಇತ್ತು ಮೇಡಂ, ಆರಾಮಾತು ಅಂತ ಮಾತ್ರೆ ಬಿಟ್ಟಿದ್ರು.” “ಮುಂಜಾನೆ ಆಗಿದ್ದು, ಸಂಜೆ ಹೋದ್ವಿ.”

ಮೊದಲ ಉತ್ತರದ ಹಿಂದೆ ಹತ್ತು ಹದಿನೈದು ವರ್ಷಗಳ ಕಥೆ ಇರುತ್ತದೆ, ಅದು ಶುರುವಾಗುವುದು ಹೆಚ್ಚಾಗಿ ಹೊಟ್ಟೆಯಲ್ಲಿ. ಚರ್ಮದ ಕೆಳಗಿನ ಕೊಬ್ಬಿಗಿಂತ ಕರುಳು, ಯಕೃತ್ತು, ಮೂತ್ರಪಿಂಡಗಳ ಸುತ್ತ ಕೂರುವ ಕೊಬ್ಬು ಕೆಟ್ಟದ್ದು. ಮೂತ್ರಪಿಂಡವನ್ನು ಅದು ಒತ್ತುತ್ತದೆ, ಮೂತ್ರಪಿಂಡ ಉಪ್ಪು ನೀರನ್ನು ಹೊರಗೆ ಬಿಡದೆ ಹಿಡಿದಿಡುತ್ತದೆ, ರಕ್ತದ ಪ್ರಮಾಣ ಏರುತ್ತದೆ. ಕೊಬ್ಬು ಬಿಡುಗಡೆ ಮಾಡುವ ಹಾರ್ಮೋನುಗಳು ನರಗಳನ್ನು ಸದಾ ಕೆರಳಿಸಿ ರಕ್ತನಾಳಗಳನ್ನು ಬಿಗಿ ಮಾಡುತ್ತವೆ. ಇನ್ಸುಲಿನ್ ಮಾತು ದೇಹ ಕೇಳದಂತಾಗಿ ಸಕ್ಕರೆ ಏರುತ್ತದೆ. ಹೀಗೆ ಏರಿದ ಒತ್ತಡ ಮೆದುಳಿನ ಆಳಕ್ಕೆ ಹೋಗುವ ಕೂದಲಿನಂಥ ರಕ್ತನಾಳಗಳನ್ನು ದಿನಾ ಬಡಿಯುತ್ತದೆ. ಗೋಡೆ ದಪ್ಪವಾಗಿ ಮುಚ್ಚಿಕೊಂಡರೆ ಒಂದು ಬಗೆಯ ಲಕ್ವಾ, ಒಡೆದು ರಕ್ತ ಸೋರಿದರೆ ಇನ್ನೊಂದು ಬಗೆ. ಹೆಚ್ಚು ಜನರಿಗೆ ಆಗುವುದು ಮೊದಲನೆಯದು, ಅಂದರೆ ರಕ್ತ ಸಿಗದೆ ಆಗುವ ಲಕ್ವಾ. ಕುತ್ತಿಗೆಯ ದೊಡ್ಡ ರಕ್ತನಾಳದಲ್ಲಿ ಕೊಬ್ಬು ಕಟ್ಟಿ, ಅಲ್ಲಿಂದ ಚೂರು ಕಳಚಿ ಮೇಲೆ ಹೋಗುವುದೂ ಇದೆ. ತೂಕ ಹೆಚ್ಚಿದವರಲ್ಲಿ ಹೃದಯದ ಬಡಿತ ಲಯ ತಪ್ಪುವುದೂ ಜಾಸ್ತಿ. ಆಗ ಹೃದಯದಲ್ಲೇ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ಜೋರಾಗಿ ಗೊರಕೆ ಹೊಡೆಯುತ್ತಾ ಮಧ್ಯೆ ಮಧ್ಯೆ ಉಸಿರೇ ನಿಲ್ಲಿಸುವ ದಪ್ಪ ಮನುಷ್ಯರ ಹೆಂಡತಿಯರು ನನ್ನ ಹತ್ತಿರ ನಗುತ್ತಾ ದೂರು ಹೇಳುತ್ತಾರೆ. ನನಗೆ ನಗು ಬರುವುದಿಲ್ಲ. ಆ ಕಾಯಿಲೆಯೂ ರಾತ್ರಿಯಿಡೀ ಬಿಪಿ ಏರಿಸುತ್ತದೆ.

ನನಗೆ ತುಂಬ ಉಪಯೋಗಕ್ಕೆ ಬಂದ ಒಂದು ಲೆಕ್ಕವಿದೆ. 2014ರಲ್ಲಿ ‘ಲ್ಯಾನ್ಸೆಟ್’ ವೈದ್ಯಪತ್ರಿಕೆಯಲ್ಲಿ 97 ಅಧ್ಯಯನಗಳ, ಒಟ್ಟು 18 ಲಕ್ಷ ಜನರ ಮಾಹಿತಿಯನ್ನು ಒಟ್ಟುಗೂಡಿಸಿದ ವರದಿ ಬಂತು. ಎತ್ತರ ತೂಕ ಸೇರಿಸಿ ಹಾಕುವ ಬಿಎಂಐ 5 ಅಂಕ ಏರಿದರೆ, ಅಂದರೆ ಐದೂವರೆ ಅಡಿ ಎತ್ತರದವರು ಸುಮಾರು 14 ಕಿಲೋ ಹೆಚ್ಚಿದರೆ, ಪಾರ್ಶ್ವವಾಯುವಿನ ಅಪಾಯ ಶೇ. 18ರಷ್ಟು ಏರುತ್ತದೆ. ಅಷ್ಟು ಎಲ್ಲರೂ ಹೇಳುವ ಮಾತು. ಮುಂದಿನದು ಕುತೂಹಲದ್ದು: ಆ ಹೆಚ್ಚಿದ ಅಪಾಯದ ಶೇ. 76 ಭಾಗ ಬರುವುದು ಬಿಪಿ, ಸಕ್ಕರೆ, ಕೊಲೆಸ್ಟರಾಲ್ ಮೂಲಕ. ಬಿಪಿಯೊಂದರದ್ದೇ ಶೇ. 65. ತೂಕ ಮೆದುಳಿಗೆ ಹೋಗುವ ಹೆದ್ದಾರಿಯೇ ಬಿಪಿ. ಅಲ್ಲಿ ಅಡ್ಡ ನಿಂತರೆ ಬಹುಪಾಲು ಹಾನಿ ತಡೆಯಬಹುದು.

ಆದ್ದರಿಂದಲೇ ದಪ್ಪಗಿರುವವರಿಗೆ ‘ತೂಕ ಇಳಿಸಿ’ ಎಂದು ಬೈದು ಕಳಿಸುವ ಪದ್ಧತಿ ನನಗೆ ಹಿಡಿಸುವುದಿಲ್ಲ. ಬೈಸಿಕೊಂಡವರು ಮತ್ತೆ ಕ್ಲಿನಿಕ್ಕಿಗೆ ಬರುವುದಿಲ್ಲ. ತೂಕ ಇಳಿಯಲು ವರ್ಷವಾದೀತು, ಮಾತ್ರೆಗೆ ಬಿಪಿ ಕೆಲವೇ ವಾರದಲ್ಲಿ ಇಳಿಯುತ್ತದೆ. ಮೇಲಿನ ಅಂಕಿ 10 ಇಳಿದರೆ ಪಾರ್ಶ್ವವಾಯುವಿನ ಸಾಧ್ಯತೆ ಸುಮಾರು ಕಾಲುಭಾಗ ಕಡಿಮೆ. ತೂಕವನ್ನು ಮರೆಯಿರಿ ಎನ್ನುತ್ತಿಲ್ಲ. ಒಂದೊಂದು ಕಿಲೋ ಇಳಿದಾಗಲೂ ಬಿಪಿ ಹೆಚ್ಚುಕಡಿಮೆ ಒಂದು ಅಂಕಿ ಇಳಿಯುತ್ತದೆ. ಇನ್ನು ಉಪ್ಪು: ದಿನಕ್ಕೆ 5 ಗ್ರಾಂ, ಒಂದು ಸಣ್ಣ ಚಮಚದಷ್ಟು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮೂರಲ್ಲಿ ಸಂಜೆಯ ಮಂಡಕ್ಕಿ, ಮಿರ್ಚಿ, ಊಟದ ಉಪ್ಪಿನಕಾಯಿ, ಹಪ್ಪಳ ಸೇರಿದರೆ ಆ ಚಮಚ ಎಲ್ಲೋ ಹಿಂದೆ ಉಳಿದಿರುತ್ತದೆ. ಇನ್ನೊಂದು ಸಣ್ಣ ಸಂಗತಿ: ತೋಳು ದಪ್ಪವಿದ್ದರೆ ಬಿಪಿ ಪಟ್ಟಿಯೂ ದೊಡ್ಡದು ಬೇಕು. ಚಿಕ್ಕ ಪಟ್ಟಿ ಬಿಗಿದರೆ ಇಲ್ಲದ ಬಿಪಿಯನ್ನೂ ತೋರಿಸುತ್ತದೆ. ‘ದೊಡ್ಡ ಪಟ್ಟಿ ಇದೆಯಾ’ ಎಂದು ಕೇಳುವುದರಲ್ಲಿ ಸಂಕೋಚವೇನೂ ಬೇಡ.

ತಕ್ಕಡಿಗಿಂತ ನನಗೆ ಟೇಲರ್ ಟೇಪಿನ ಮೇಲೆ ನಂಬಿಕೆ ಹೆಚ್ಚು. ಪಾರ್ಶ್ವವಾಯುವಿನ ಕಾರಣಗಳನ್ನು 22 ದೇಶಗಳಲ್ಲಿ ಹುಡುಕಿದ ‘ಇಂಟರ್‌ಸ್ಟ್ರೋಕ್’ ಎಂಬ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಬೆಂಗಳೂರಿನ ಸೇಂಟ್ ಜಾನ್ಸ್‌ನ ಡಾ. ಡೆನಿಸ್ ಕ್ಸೇವಿಯರ್ ಅದರ ಮುಖ್ಯ ಲೇಖಕರಲ್ಲೊಬ್ಬರು. ಅದರಲ್ಲೂ ಎದ್ದು ಕಂಡದ್ದು ಬಿಎಂಐಗಿಂತ ಸೊಂಟ–ನಿತಂಬಗಳ ಸುತ್ತಳತೆಯ ಅನುಪಾತ. ಭಾರತೀಯ ಗಂಡಸರಿಗೆ ಸೊಂಟದ ಸುತ್ತಳತೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು. ಅಳೆಯುವುದು ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ. ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ‘ನಂದು 34 ಇಂಚು’ ಎನ್ನುವ ಗಂಡಸರು ಹೇಳುತ್ತಿರುವುದು ಪ್ಯಾಂಟಿನ ಅಳತೆ. ಪ್ಯಾಂಟು ನಿಂತಿರುವುದು ಹೊಟ್ಟೆಯ ಕೆಳಗೆ. ಹಾಗಂತ ತೆಳ್ಳಗಿರುವವರು ನಿಶ್ಚಿಂತೆಯಿಂದ ಬೀಡಿ ಹಚ್ಚಿ ಕೂರುವಂತೆಯೂ ಇಲ್ಲ. ಕಡ್ಡಿಯಂಥವರ ಮನೆಗೂ ನಾನು ಹೋಗುತ್ತಿರುತ್ತೇನೆ.

ಇನ್ನು ಎರಡನೆಯ ಉತ್ತರ: ಮುಂಜಾನೆ ಆಗಿದ್ದು, ಸಂಜೆ ಹೋದ್ವಿ.

ಒಬ್ಬರು ಜವಳಿ ಅಂಗಡಿ ಯಜಮಾನರು. ಬೆಳಿಗ್ಗೆ ಕಾಫಿ ಲೋಟ ಕೈಯಿಂದ ಜಾರಿತು, ಮಾತು ತೊದಲಿತು. ರಾತ್ರಿ ಕೈ ಮೇಲೆ ಮಲಗಿರಬೇಕು ಅಂದುಕೊಂಡರು. ಬಿಸಿ ಎಣ್ಣೆ ತಿಕ್ಕಿದರು. ಗಾಳಿ ಸೋಕಿದೆ ಎಂದು ಯಾರೋ ಅಂದರು, ಇನ್ಯಾರೋ ಪಾರಿವಾಳದ ರಕ್ತ ಹಚ್ಚಿದರೆ ಸರಿಹೋಗುತ್ತದೆ ಎಂದರು, ಪಾರಿವಾಳ ತರಲು ಹುಡುಗನನ್ನು ಕಳಿಸಿದ್ದೂ ಆಯಿತು. ಮನೆಯವರಿಗೆ ಅವರ ಮೇಲೆ ಪ್ರೀತಿ ಇರಲಿಲ್ಲ ಎಂದಲ್ಲ. ನೋವಿರಲಿಲ್ಲ, ಅದೇ ಮೋಸ. ಎದೆನೋವು ಬಂದವರು ಎದೆ ಹಿಡಿದು ಕೂಗುತ್ತಾರೆ. ಲಕ್ವಾ ಸಾಮಾನ್ಯವಾಗಿ ನೋಯಿಸುವುದೇ ಇಲ್ಲ. ಮೆದುಳಿನ ಬಲಭಾಗಕ್ಕೆ ಪೆಟ್ಟಾದ ಕೆಲವರಿಗೆ ತಮ್ಮ ಎಡಗೈ ಬಿದ್ದಿರುವುದೇ ಗೊತ್ತಾಗುವುದಿಲ್ಲ, ‘ನಂಗೇನಾಗಿದೆ, ಬಿಡ್ರೋ’ ಎಂದು ಜಗಳಕ್ಕೇ ಬರುತ್ತಾರೆ. ಆ ಮಾತು ಕೇಳಿ ಸುಮ್ಮನಾಗಬೇಡಿ.

ನೋಡಬೇಕಾದ್ದು ದಿಢೀರ್ ಬದಲಾವಣೆ. ಹಲ್ಲು ತೋರಿಸಿ ನಗಲು ಹೇಳಿ, ತುಟಿ ಒಂದು ಕಡೆ ಜೋಲುತ್ತಿದೆಯೇ? ಕಣ್ಣು ಮುಚ್ಚಿಸಿ ಎರಡೂ ಕೈಯನ್ನು ಅಂಗೈ ಮೇಲಾಗಿ ಮುಂದೆ ಚಾಚಿಸಿ ಹತ್ತು ಎಣಿಸಿ, ಒಂದು ಕೈ ತಾನಾಗಿ ಇಳಿಯುತ್ತಿದೆಯೇ? ‘ಇವತ್ತು ಯಾವ ವಾರ, ಮೊಮ್ಮಗ ಎಲ್ಲಿ ಹೋದ’ ಎಂದು ಕೇಳಿ, ಮಾತು ತೊದಲುತ್ತಿದೆಯೇ, ಅರ್ಥವಿಲ್ಲದ ಪದ ಬರುತ್ತಿದೆಯೇ? ಇವುಗಳಲ್ಲಿ ಒಂದು ಕಂಡರೂ ಸಾಕು, ಉಳಿದದ್ದಕ್ಕೆ ಕಾಯಬೇಕಿಲ್ಲ. ಇದ್ದಕ್ಕಿದ್ದಂತೆ ಒಂದು ಕಣ್ಣು ಮಂಜಾಗುವುದು, ಎರಡೆರಡು ಕಾಣುವುದು, ನಡೆಯುವಾಗ ಒಂದು ಕಡೆ ವಾಲುವುದು, ಹಿಂದೆಂದೂ ಬಂದಿರದಂಥ ಭಯಂಕರ ತಲೆನೋವು, ಇವೂ ಅದೇ ಪಟ್ಟಿಯವು. ತಲೆ ಸುತ್ತಿದರೆ ಪಿತ್ತ ಎಂದು ನಿಂಬೆಹಣ್ಣು ಹಿಂಡುವುದು ನಮ್ಮಲ್ಲಿ ರೂಢಿ. ಅದರ ಜೊತೆ ಮೇಲಿನದ್ದೇನಾದರೂ ಕಂಡರೆ ನಿಂಬೆಹಣ್ಣು ಕೆಳಗಿಡಿ.

ರಕ್ತ ಹೆಪ್ಪುಗಟ್ಟಿ ಆದ ಲಕ್ವಾಕ್ಕೆ ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ. ಅದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಎಷ್ಟು ಬೇಗವೋ ಅಷ್ಟು ಫಲ. ದೊಡ್ಡ ರಕ್ತನಾಳ ಮುಚ್ಚಿದ್ದರೆ ತೊಡೆಸಂದಿಯಿಂದ ತೆಳು ಕೊಳವೆ ತೂರಿಸಿ ಹೆಪ್ಪನ್ನೇ ಹೊರತೆಗೆಯುತ್ತಾರೆ. ಆಯ್ದ ಕೆಲವರಿಗೆ ಅದನ್ನು 24 ಗಂಟೆಯವರೆಗೂ ಮಾಡಬಹುದು. ಆ ಬಗೆಯ ಲಕ್ವಾದಲ್ಲಿ ನಿಮಿಷಕ್ಕೆ ಸರಾಸರಿ 19 ಲಕ್ಷ ನರಕೋಶ ಸಾಯುತ್ತವೆ ಎಂಬ ಅಂದಾಜಿದೆ. ಸಾಯಂಕಾಲದವರೆಗೆ ಎಷ್ಟಾಯಿತೆಂದು ಗುಣಿಸಿ ನೋಡುವ ಧೈರ್ಯ ನನಗಿಲ್ಲ. ಆ ಯಜಮಾನರ ಬೆರಳುಗಳಿಗೆ ಈಗ ಗಜಕೋಲು ಹಿಡಿಯುವುದನ್ನು ಕಲಿಸುತ್ತಿದ್ದೇನೆ.

ಆಸ್ಪತ್ರೆಯಲ್ಲಿ ವೈದ್ಯರು ತಪ್ಪದೆ ಕೇಳುವುದು ‘ಕೊನೆಯ ಸಲ ಸರಿಯಾಗಿದ್ದದ್ದು ಎಷ್ಟು ಗಂಟೆಗೆ’ ಎಂದು. ನೀವು ನೋಡಿದ ಹೊತ್ತಲ್ಲ, ಅವರು ಚೆನ್ನಾಗಿದ್ದ ಕೊನೆಯ ಹೊತ್ತು. ನಿದ್ದೆಯಿಂದ ಏಳುವಾಗಲೇ ಹೀಗಾಗಿದ್ದರೆ ರಾತ್ರಿ ಮಲಗಿದ ಗಂಟೆ ಹೇಳಿ. ತಿನ್ನುತ್ತಿದ್ದ ಮಾತ್ರೆಗಳ ಚೀಟಿ ಒಯ್ಯಿರಿ. ಬಾಯಿಗೆ ನೀರು, ಕಾಫಿ ಏನೂ ಹಾಕಬೇಡಿ, ನುಂಗಲಾಗದೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಆಸ್ಪಿರಿನ್ ಕೂಡ ಬೇಡ, ಹೆಪ್ಪೋ ರಕ್ತಸ್ರಾವವೋ ಎಂಬುದು ಸ್ಕ್ಯಾನ್ ಆಗುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ.

ಕೆಲವೊಮ್ಮೆ ಲಕ್ಷಣ ಹತ್ತಿಪ್ಪತ್ತು ನಿಮಿಷ ಕಾಡಿ ತಾನೇ ಹೋಗಿಬಿಡುತ್ತದೆ. ಹೋಯಿತಲ್ಲ ಎಂದು ಸುಮ್ಮನಾಗಬಾರದು. ಅದರ ಬೆನ್ನಿಗೆ ದೊಡ್ಡ ಲಕ್ವಾ ಬರುವ ಅಪಾಯ ಮುಂದಿನ ಎರಡು ಮೂರು ದಿನಗಳಲ್ಲೇ ಹೆಚ್ಚು, ಹಾಗಾಗಿ ಅದೇ ದಿನ ಆಸ್ಪತ್ರೆಗೆ ಹೋಗಬೇಕು. 2023ರ ಆಗಸ್ಟ್ ಕೊನೆಗೆ ಮಾಜಿ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ ಅವರಿಗೆ ಲಘು ಪಾರ್ಶ್ವವಾಯು ಆದದ್ದು ನೆನಪಿರಬಹುದು. ನಸುಕಿನಲ್ಲಿ ಲಕ್ಷಣ ಕಂಡ ಕೂಡಲೇ ಆಸ್ಪತ್ರೆ ಸೇರಿದ್ದರು, ಬಿಡುಗಡೆಯಾದ ಮೇಲೆ ಇದನ್ನು ನಿರ್ಲಕ್ಷಿಸಬೇಡಿ ಎಂದು ಪತ್ರಕರ್ತರ ಮುಂದೆ ಜನರನ್ನು ಕೇಳಿಕೊಂಡರು.

ಎಲ್ಲರೂ ಬೆಂಗಳೂರಿನಲ್ಲಿಲ್ಲ. ಜಗಳೂರಿನಿಂದ ದಾವಣಗೆರೆಗೆ ಬರಲಿಕ್ಕೇ ಗಂಟೆ ಮೇಲಾಗುತ್ತದೆ. ಹತ್ತಿರದ ನರ್ಸಿಂಗ್ ಹೋಮಿಗೆ ಹೋಗಿ, ಅಲ್ಲಿ ಸ್ಕ್ಯಾನ್ ಇಲ್ಲವೆಂದು ಇನ್ನೊಂದಕ್ಕೆ, ಅಲ್ಲಿ ಇಂಜೆಕ್ಷನ್ ಇಲ್ಲವೆಂದು ಮತ್ತೊಂದಕ್ಕೆ ಅಲೆದವರನ್ನು ನೋಡಿದ್ದೇನೆ. ಹಾಗಾಗಿ ಬಿಪಿ, ಶುಗರ್ ಇರುವವರ ಮನೆಯಲ್ಲಿ ಯಾರಾದರೂ ಒಬ್ಬರು, ಎಲ್ಲರೂ ಚೆನ್ನಾಗಿರುವಾಗಲೇ, ಒಂದು ಫೋನ್ ಮಾಡಬೇಕು. ‘ನಿಮ್ಮಲ್ಲಿ ರಾತ್ರಿ ಹೊತ್ತೂ ಸಿ.ಟಿ. ಸ್ಕ್ಯಾನ್ ಮಾಡ್ತೀರಾ, ಲಕ್ವಾಕ್ಕೆ ಹೆಪ್ಪು ಕರಗಿಸೋ ಇಂಜೆಕ್ಷನ್ ಕೊಡ್ತೀರಾ’ ಎಂದು ಕೇಳಿ. ಹೌದು ಎಂದ ಆಸ್ಪತ್ರೆಯ ಹೆಸರನ್ನು 108ರ ಜೊತೆ ಗೋಡೆಯ ಕ್ಯಾಲೆಂಡರ್ ಮೇಲೆ ಬರೆದಿಡಿ. ಆಂಬುಲೆನ್ಸ್ ಬಂದಾಗ ಆ ಹೆಸರನ್ನೇ ಹೇಳಿ.