ಗಂಡು ಹಂದಿಯ ಮಾಂಸಕ್ಕೆ ವಾಸನೆ ಯಾಕೆ?

ಕೊಡಗಿನ ಕಡೆ ಕೈಲ್ ಮುಹೂರ್ತ ಬಂತು ಅಂದರೆ ಹಂದಿ ಸಾರು, ಅಕ್ಕಿ ಕಡುಬು. ಅಂಥ ಒಂದು ಹಬ್ಬದ ದಿನ ಒಂದು ಮನೆಯಲ್ಲಿ ಹೀಗಾಯಿತು ಅಂತ ಇಟ್ಟುಕೊಳ್ಳಿ.

ಸೊಸೆ ಬೆಳಿಗ್ಗೆ ಬೇಗ ಎದ್ದಳು. ಮಾಂಸ ತೊಳೆದಳು. ಉಪ್ಪು, ಅರಿಶಿನ, ಖಾರ ಹಚ್ಚಿದಳು. ಹಸಿ ಮಾಂಸ ಚೆನ್ನಾಗಿಯೇ ಕಾಣುತ್ತಿತ್ತು. ಒಲೆಯ ಮೇಲೆ ಇಟ್ಟಳು. ಕೊಬ್ಬು ಕರಗತೊಡಗಿತು. ಆಗ ಎದ್ದಿತು ನೋಡಿ ವಾಸನೆ! ಮೂತ್ರದ ಹಾಗೆ, ಹಳೇ ಬೆವರಿನ ಹಾಗೆ.

"ಏನಮ್ಮಾ, ಸರಿಯಾಗಿ ತೊಳೆದಿಲ್ವಾ?" ಅಂದರು ಅತ್ತೆ.

"ಮೂರು ನೀರಲ್ಲಿ ತೊಳೆದಿದ್ದೀನಿ ಅತ್ತೆ."

ಗಂಡ ಬಂದು ಮೂಸಿದ. "ಎಂಥ ವಾಸನೆ? ನನಗೇನೂ ಬರ್ತಾ ಇಲ್ವಲ್ಲ!" ಅಂದ.

ಇನ್ನಷ್ಟು ಕಾಚಂಪುಳಿ ಹಾಕಿದರು. ಆದರೂ ಉಣ್ಣಲು ಕುಳಿತ ನೆಂಟರಲ್ಲಿ ಕೆಲವರು ತಟ್ಟೆ ಸರಿಸಿಬಿಟ್ಟರು. ಬೈಗುಳ ಬಿದ್ದದ್ದು ಸೊಸೆಗೆ. ಆಮೇಲೆ ಹಂದಿ ಸಾಕಿ ಮಾರಿದ ಪಕ್ಕದ ಮನೆಯವನಿಗೆ. ಮುಂದಿನ ಹಬ್ಬಕ್ಕೆ ಅವನ ಹತ್ತಿರ ಯಾರೂ ಮಾಂಸ ಕೊಳ್ಳಲಿಲ್ಲ.

ಸೊಸೆಯದು ಏನೂ ತಪ್ಪಿಲ್ಲ. ಮಾಂಸ ಕೆಟ್ಟೂ ಇರಲಿಲ್ಲ. ಆ ವಾಸನೆ ಹಂದಿ ಬದುಕಿದ್ದಾಗಲೇ ಅದರ ಕೊಬ್ಬಿನೊಳಗೆ ಸೇರಿಕೊಂಡಿತ್ತು. ಅದು ತೊಳೆದರೆ ಹೋಗುವುದಿಲ್ಲ. ಖಾರ, ಹುಳಿ ಹಾಕಿದರೆ ಸ್ವಲ್ಪ ಮುಚ್ಚೀತು, ಅಷ್ಟೆ. ತಿಂದವರಿಗೆ ಇದರಿಂದ ಕಾಯಿಲೆ ಬರುವುದಿಲ್ಲ. ಆದರೆ ಬಾಯಿಗೆ ಇಡಲು ಆಗದ ಮಾಂಸಕ್ಕೆ ದುಡ್ಡು ಯಾರು ಕೊಡುತ್ತಾರೆ?

ಈ ವಾಸನೆಗೆ ಮುಖ್ಯವಾಗಿ ಎರಡು ವಸ್ತು ಕಾರಣ. ಒಂದರ ಹೆಸರು ಆಂಡ್ರೋಸ್ಟಿನೋನ್. ಹೆಸರು ಉದ್ದ, ಬಾಯಿಗೆ ಬಾರದಿದ್ದರೆ ಬಿಡಿ. ಗಂಡು ಹಂದಿ ಪ್ರಾಯಕ್ಕೆ ಬಂದಾಗ ಅದರ ಬೀಜದಲ್ಲಿ ಇದು ಹುಟ್ಟುತ್ತದೆ. ಸುಮಾರು 5 – 6 ತಿಂಗಳ ವಯಸ್ಸಿನಿಂದ ಇದು ಹೆಚ್ಚುತ್ತಾ ಹೋಗುತ್ತದೆ. ರಕ್ತದ ಜೊತೆ ಹರಿದು ಜೊಲ್ಲಿಗೂ ಬರುತ್ತದೆ. ಹೆಣ್ಣಿನ ಹತ್ತಿರ ಬಂದಾಗ ಗಂಡು ಹಂದಿ ಬಾಯಲ್ಲಿ ನೊರೆ ಕಟ್ಟುವುದನ್ನು ನೀವು ನೋಡಿರಬಹುದು. ಆ ನೊರೆಯ ವಾಸನೆ ಮೂಗಿಗೆ ಬಿದ್ದರೆ, ಬೆದೆಗೆ ಬಂದ ಹೆಣ್ಣು ಹಂದಿ ಅಲ್ಲಾಡದೆ ನಿಂತುಬಿಡುತ್ತದೆ. ಅಂದರೆ ನಮಗೆ ಬೇಡವಾದ ಈ ವಾಸನೆ ಹಂದಿಯ ಸಂಸಾರಕ್ಕೆ ಬೇಕೇ ಬೇಕು! ಮಿಕ್ಕಿದ್ದು ಹೋಗಿ ಕೊಬ್ಬಿನಲ್ಲಿ ಕೂರುತ್ತದೆ.

ಎರಡನೆಯದು ಸ್ಕಟೋಲ್. ಇದು ಲದ್ದಿಯ ವಾಸನೆ. ಹಂದಿಯ ದೊಡ್ಡ ಕರುಳಿನಲ್ಲಿ ಇರುವ ಸೂಕ್ಷ್ಮ ಜೀವಿಗಳು ಇದನ್ನು ಮಾಡುತ್ತವೆ. ಹೆಣ್ಣು ಹಂದಿಯಲ್ಲೂ ಇದು ಹುಟ್ಟುತ್ತದೆ. ಆದರೆ ಹೆಣ್ಣಿನ ಪಿತ್ತಜನಕಾಂಗ, ಅಂದರೆ ಲಿವರ್, ಇದನ್ನು ಬೇಗ ಕರಗಿಸಿ ಹೊರಗೆ ಹಾಕುತ್ತದೆ. ಬೀಜ ಇರುವ ಗಂಡಿನಲ್ಲಿ ಆ ಕೆಲಸ ನಿಧಾನ. ಸಾಲದ್ದಕ್ಕೆ, ಹಂದಿ ತನ್ನ ಲದ್ದಿಯಲ್ಲೇ ಹೊರಳಾಡಿದರೆ ಚರ್ಮದಿಂದಲೂ ಉಸಿರಿನಿಂದಲೂ ಇದು ಒಳಗೆ ಹೋಗುತ್ತದೆ. ಸೆಕೆಗಾಲದಲ್ಲಿ ಹಂದಿ ತಂಪು ಹುಡುಕಿಕೊಂಡು ಹೋಗಿ ಗಲೀಜಿನಲ್ಲಿ ಮಲಗುತ್ತದೆ. ಆಗ ಇನ್ನೂ ಜಾಸ್ತಿ.

ಹಾಗಾದರೆ ಗಂಡನಿಗೆ ಯಾಕೆ ವಾಸನೆ ಬರಲಿಲ್ಲ? ಅವನು ಸುಳ್ಳು ಹೇಳಲಿಲ್ಲ. ಆಂಡ್ರೋಸ್ಟಿನೋನ್ ವಾಸನೆ ಕೆಲವರ ಮೂಗಿಗೆ ತಿಳಿಯುವುದೇ ಇಲ್ಲ. ಅದು ಹುಟ್ಟಿನಿಂದಲೇ ಬಂದದ್ದು. ಸಾಮಾನ್ಯವಾಗಿ ಗಂಡಸರಿಗಿಂತ ಹೆಂಗಸರಿಗೆ ಇದು ಚೆನ್ನಾಗಿ ತಿಳಿಯುತ್ತದೆ. ಆದ್ದರಿಂದ "ನನಗೆ ಬರ್ತಿಲ್ಲ, ನಿನ್ನದೇ ಭ್ರಮೆ" ಅಂತ ಮನೆಯಾಕೆಯನ್ನು ಗದರಿಸಬೇಡಿ.

ಮಾಂಸ ಮಾರುವವರು ಮೊದಲೇ ಪರೀಕ್ಷೆ ಮಾಡಬಹುದು. ತಣ್ಣಗಿನ ಮಾಂಸ ಮೂಸಿದರೆ ಸರಿಯಾಗಿ ಗೊತ್ತಾಗುವುದಿಲ್ಲ. ಕತ್ತಿನ ಅಥವಾ ಬೆನ್ನಿನ ಕೊಬ್ಬು ಒಂದು ಸಣ್ಣ ತುಂಡು ತೆಗೆದುಕೊಳ್ಳಿ. ಪಾತ್ರೆಗೆ ಹಾಕಿ, ಮುಚ್ಚಳ ಮುಚ್ಚಿ, ಬಿಸಿ ಮಾಡಿ. ಮುಚ್ಚಳ ತೆಗೆದ ಕೂಡಲೇ ಮೂಸಿ. ಒಬ್ಬರೇ ಮೂಸಿದರೆ ಸಾಲದು. ಎರಡು ಮೂರು ಜನ ಮೂಸಲಿ. ಡೆನ್ಮಾರ್ಕ್ ಎಂಬ ದೇಶದಲ್ಲಿ ಕಸಾಯಿಖಾನೆಯಲ್ಲೇ ಯಂತ್ರ ಇಟ್ಟು ಕೊಬ್ಬಿನ ಸ್ಕಟೋಲ್ ಅಳೆದಿದ್ದಾರೆ. ಆದರೆ ಕಾದ ಕಬ್ಬಿಣವನ್ನು ಕೊಬ್ಬಿಗೆ ತಾಗಿಸಿ ಮೂಸುವ ಪದ್ಧತಿ ಯುರೋಪಿನಲ್ಲಿ ಈಗಲೂ ಇದೆ. ಮೂಗಿನ ಕೆಲಸ ಇನ್ನೂ ಪೂರ್ತಿ ತಪ್ಪಿಲ್ಲ!

ಇನ್ನು ತಡೆಯುವ ದಾರಿ. ಮಾಂಸಕ್ಕಾಗಿ ಸಾಕುವ ಗಂಡು ಮರಿಯ ಬೀಜ ತೆಗೆಸುವುದು ಹಳೇ ದಾರಿ. ಮರಿಗೆ 2 – 4 ವಾರ ಆಗಿರುವಾಗಲೇ ಮಾಡಿಸಿದರೆ ಗಾಯ ಬೇಗ ಮಾಯುತ್ತದೆ. ಆದರೆ ಬ್ಲೇಡು ಹಿಡಿದು ನೀವೇ ಕುಯ್ಯಬೇಡಿ. ಮರಿಗೂ ನೋವಿದೆ. ಜರ್ಮನಿಯಲ್ಲಿ 2021ರಿಂದ ನೋವು ತಿಳಿಯದ ಹಾಗೆ ಮದ್ದು ಕೊಡದೆ ಬೀಜ ತೆಗೆಯುವಂತಿಲ್ಲ. ಕೆಲವು ಮರಿಗೆ ಹರ್ನಿಯಾ ಇರುತ್ತದೆ. ಗೊತ್ತಿಲ್ಲದೆ ಕುಯ್ದರೆ ಕರುಳೇ ಹೊರಗೆ ಬಂದು ಮರಿ ಸಾಯಬಹುದು. ಇನ್ನು ಕೆಲವಕ್ಕೆ ಒಂದು ಬೀಜ ಹೊಟ್ಟೆಯೊಳಗೇ ಉಳಿದಿರುತ್ತದೆ. ಹೊರಗಿನದನ್ನು ಮಾತ್ರ ತೆಗೆದು "ಆಯ್ತು" ಅಂದರೆ, ಒಳಗಿನ ಬೀಜ ತನ್ನ ಕೆಲಸ ಮಾಡುತ್ತಲೇ ಇರುತ್ತದೆ. "ಬೀಜ ತೆಗೆಸಿದ ಹಂದಿಯೇ, ಆದರೂ ವಾಸನೆ ಬಂತಲ್ಲ!" ಎಂದು ತಲೆ ಚಚ್ಚಿಕೊಳ್ಳುವವರು ಇದನ್ನು ನೆನೆಯಬೇಕು. ದನದ ಡಾಕ್ಟರಿಗೆ ತೋರಿಸಿಯೇ ಮಾಡಿಸಿ.

ಇಂಗ್ಲೆಂಡ್, ಐರ್ಲೆಂಡಿನಲ್ಲಿ ಹೆಚ್ಚಾಗಿ ಬೀಜ ತೆಗೆಸುವುದಿಲ್ಲ. ಪ್ರಾಯ ಬಲಿಯುವ ಮೊದಲೇ ಮಾಂಸಕ್ಕೆ ಕಳಿಸುತ್ತಾರೆ. ಬೇಗ ಬೆಳೆಯುವ ಸೀಮೆ ಹಂದಿಗೆ ಇದು ಸರಿ. ನಮ್ಮ ನಾಟಿ ಹಂದಿ ತೂಕಕ್ಕೆ ಬರುವುದು ನಿಧಾನ, ಈ ಲೆಕ್ಕ ಅಷ್ಟು ಹೊಂದುವುದಿಲ್ಲ.

ಒಂದು ಚುಚ್ಚುಮದ್ದೂ ಬಂದಿದೆ. 1998ರಲ್ಲಿ ಆಸ್ಟ್ರೇಲಿಯಾದಲ್ಲಿ ಮೊದಲು ಬಳಕೆಗೆ ಬಂತು. ಎರಡು ಸಲ ಚುಚ್ಚಬೇಕು. ಎರಡನೆಯದು ಕಡಿಯುವುದಕ್ಕೆ 4 – 6 ವಾರ ಮೊದಲು. ಆಗ ಬೀಜ ತನ್ನ ಕೆಲಸ ನಿಲ್ಲಿಸುತ್ತದೆ. ತಪ್ಪಿ ಮನುಷ್ಯರ ಕೈಗೆ ಚುಚ್ಚಿದರೆ ಅಪಾಯ. ಕಲಿತವರೇ ಕೊಡಬೇಕು.

ದುಡ್ಡಿಲ್ಲದೆ ಮಾಡುವ ಕೆಲಸವೂ ಇದೆ. ದಿನವೂ ಗೂಡು ತೊಳೆಯಿರಿ. ನೆಲ ಇಳಿಜಾರಾಗಿರಲಿ, ನೀರು ಹರಿದು ಹೋಗಲಿ. ಮಲಗುವ ಜಾಗ ಒಣಗಿರಲಿ. ಬಿಸಿಲಿಗೆ ನೆರಳು, ಕುಡಿಯಲು ಒಳ್ಳೆ ನೀರು ಕೊಡಿ. ಇದರಿಂದ ಸ್ಕಟೋಲ್ ಕಡಿಮೆಯಾಗುತ್ತದೆ, ಬೀಜದಿಂದ ಬರುವ ವಾಸನೆ ಮಾತ್ರ ಹೋಗುವುದಿಲ್ಲ. ಮೇವಿನ ಜೊತೆ ಚಿಕೋರಿ ಬೇರು ಕೊಟ್ಟರೂ ಸ್ಕಟೋಲ್ ಇಳಿಯುತ್ತದೆ ಎಂದು ಡೆನ್ಮಾರ್ಕಿನವರು ಕಂಡಿದ್ದಾರೆ. ಅದೇ, ನಮ್ಮ ಕಾಫಿ ಪುಡಿಗೆ ಬೆರೆಸುವ ಚಿಕೋರಿ!

ಮರಿ ಹಾಕಿಸಲು ಇಟ್ಟುಕೊಂಡ ಬೀಜದ ಹಂದಿ ಮುದಿಯಾದಾಗ ಏನು ಮಾಡೋದು? ಹಬ್ಬ ಹತ್ತಿರ ಬಂತು ಅಂತ ತಕ್ಷಣ ಕಡಿಯಬೇಡಿ. ಅದರ ಕೊಬ್ಬಿನಲ್ಲೇ ವಾಸನೆ ಹೆಚ್ಚು. ಡಾಕ್ಟರಿಂದ ಬೀಜ ತೆಗೆಸಿ, ಎರಡು ತಿಂಗಳು ಮೇಯಿಸಿ. ಕೊಬ್ಬಿನಲ್ಲಿ ಕೂತದ್ದು ಮೆಲ್ಲಗೆ ಇಳಿಯುತ್ತದೆ. ಕಡಿದ ಮೇಲೂ ಒಂದು ತುಂಡು ಕೊಬ್ಬು ಕಾಯಿಸಿ, ಮನೆಯ ಹೆಂಗಸರಿಗೆ ಮೂಸಲು ಕೊಟ್ಟು, ಆಮೇಲೆ ತಕ್ಕಡಿ ಹಿಡಿಯಿರಿ.